ಜೊಲ್ಲು ಸುರಿಸುವ ಹುಡುಗನಿಗೆ ಸೀಟಿಲ್ಲವೆ?

ಮಸಗುಪ್ಪಿ: ಬೆಳಗಿನ ಬಸ್ಸು ಬಂದು ನಿಂತಿತೆಂದರೆ ಹತ್ತುವವರದ್ದೇ ಗದ್ದಲ. ಗೋಕಾಕದ ಕಚೇರಿ ಕೆಲಸಕ್ಕೆ ಹೊರಟವರು, ಮೂಡಲಗಿ ಸಂತೆಗೆ ಹೊರಟವರು, ಕಾಲೇಜು ಹುಡುಗರು, ಬುಟ್ಟಿ, ಚೀಲ. ಈ ಗದ್ದಲದಲ್ಲಿ ಎಂಟು ವರ್ಷದ ಮಗನನ್ನು ಬಗಲಿಗೆ ಏರಿಸಿಕೊಂಡ ತಾಯಿಯೊಬ್ಬಳು ಹತ್ತುತ್ತಾಳೆ ಎಂದಿಟ್ಟುಕೊಳ್ಳಿ. ಹುಡುಗನ ಕೈಕಾಲು ಸೆಟೆದಿವೆ. ಕುತ್ತಿಗೆ ಒಂದು ಕಡೆ ವಾಲಿದೆ. ಬಾಯಿ ತೆರೆದಿದೆ. ಕೊರಳಿಗೆ ಕಟ್ಟಿದ ವಲ್ಲಿ ತೊಯ್ದು ತೊಪ್ಪೆಯಾಗಿದೆ. ಕಿಟಕಿ ಪಕ್ಕ ಕುಳಿತವರು ಮೆಲ್ಲಗೆ ಧೋತರದ ಚುಂಗು ಎಳೆದುಕೊಳ್ಳುತ್ತಾರೆ. ಇನ್ನೊಬ್ಬರು ‘ಮುಂದಿನ ಸ್ಟಾಪಿಗೆ ಇಳಿಯಾಂವ ಅದೇನಿ’ ಎಂದು ಎದ್ದೇ ಬಿಡುತ್ತಾರೆ. ಇಳಿಯುವುದು ಗೋಕಾಕದಲ್ಲಿ!

ಮಾತು ಶುರುವಾಗುವುದು ಹೀಗೆ:

‘ಯಾಕವಾ, ಹುಡಗನ ಬಾಯಿ ಒರಸಬಾರದ?’

‘ಈಗ ಒರಸೀನ್ರಿ ಅಜ್ಜಾರ. ಒರಸಿದಷ್ಟೂ ಬರತೈತ್ರಿ.’

‘ಬಸರಾಗಿದ್ದಾಗ ಏನರ ತಿನ್ನಬೇಕಂತ ಆಸೆ ಆಗಿತ್ತೇನ? ತಿಂದಿರಾಕಿಲ್ಲ ನೀ. ಅದಕ್ಕ ಹಿಂಗ.’

ತಾಯಿ ಸುಮ್ಮನಾಗುತ್ತಾಳೆ. ಎಂಟು ವರ್ಷದಿಂದ ಇದೇ ಮಾತು ಕೇಳಿದ್ದಾಳೆ. ಅತ್ತೆಯಿಂದ ಕೇಳಿದ್ದಾಳೆ, ನೆಗೆಣ್ಣಿಯಿಂದ ಕೇಳಿದ್ದಾಳೆ, ಈಗ ಬಸ್ಸಿನಲ್ಲಿ ಗುರುತಿಲ್ಲದವರಿಂದಲೂ ಕೇಳಬೇಕಾಗಿದೆ. ಅಷ್ಟರಲ್ಲಿ ಕಂಡಕ್ಟರ್ ಬರುತ್ತಾನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಾದ್ದರಿಂದ ತಾಯಿಗೆ ಟಿಕೀಟಿನ ದುಡ್ಡಿಲ್ಲ. ಆದರೆ ಆರು ದಾಟಿದ ಹುಡುಗನಿಗೆ ಅರ್ಧ ಟಿಕೀಟು ಬೇಕೇ ಬೇಕು. ಟಿಕೀಟು ಕೊಟ್ಟ ಹುಡುಗನಿಗೇ ಸೀಟಿಲ್ಲ!

ಇಂಥ ಹುಡುಗರು ಯಾವ ಊರಿನಲ್ಲಿಲ್ಲ? ಹೆರಿಗೆಯ ವೇಳೆ ಉಸಿರು ಕಟ್ಟಿದ್ದು, ದಿನ ತುಂಬದೆ ಹುಟ್ಟಿದ್ದು, ಹುಟ್ಟಿದ ಹೊಸತರಲ್ಲಿ ಕಾಮಾಲೆ ತೀರ ಏರಿದ್ದು, ಮಿದುಳಿಗೆ ಜ್ವರ ಬಡಿದದ್ದು, ಇಂಥ ಯಾವುದಾದರೊಂದು ಕಾರಣದಿಂದ ಎಳೆಯ ಮಿದುಳಿಗೆ ಪೆಟ್ಟು ಬಿದ್ದರೆ ಸೆರೆಬ್ರಲ್ ಪಾಲ್ಸಿ ಆಗುತ್ತದೆ. ಮೆದುಳಿನ ಪಾರ್ಶ್ವವಾಯು ಎಂದು ಸರ್ಕಾರಿ ಕಾಗದದಲ್ಲಿ ಬರೆಯುತ್ತಾರೆ. ಜೀವಂತ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು ಎರಡು-ಮೂರು ಎಂಬುದು ಬಹುಕಾಲದಿಂದ ವೈದ್ಯರು ಹೇಳುತ್ತ ಬಂದ ಲೆಕ್ಕ. ಇವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಕ್ಕಳಿಗೆ ಜೊಲ್ಲಿನ ಕಾಟ ಉಂಟು. ಡೌನ್ ಸಿಂಡ್ರೋಮ್ ಇರುವ, ಬುದ್ಧಿ ಬೆಳವಣಿಗೆ ಹಿಂದುಳಿದ ಕೆಲವು ಮಕ್ಕಳಿಗೂ ಇದೆ.

ಕಾಲು ಸೆಟೆದದ್ದಕ್ಕೆ ದವಾಖಾನೆಗೆ ಒಯ್ಯುತ್ತಾರೆ. ಫಿಟ್ಸ್ ಬಂದರೆ ಅರ್ಧ ರಾತ್ರಿಯಲ್ಲೂ ಒಯ್ಯುತ್ತಾರೆ. ಆದರೆ ಜೊಲ್ಲಿಗಾಗಿ ಯಾರೂ ಒಯ್ಯುವುದಿಲ್ಲ. ಅದೂ ಒಂದು ರೋಗವೆ, ಅದಕ್ಕೂ ಒಂದು ಔಷಧವೆ ಎಂದು ನಗುವವರುಂಟು. ಹುಡುಗನನ್ನು ಸಾಲಿಯಿಂದ ಬಿಡಿಸಿ ಮನೆಯಲ್ಲಿ ಕೂಡ್ರಿಸಲು ಮಾತ್ರ ಇದೇ ಜೊಲ್ಲು ಸಾಕಾಗುತ್ತದೆ. ಪಾಟಿ ತೊಯ್ಯುತ್ತದೆ, ಪುಸ್ತಕ ತೊಯ್ಯುತ್ತದೆ, ಪಕ್ಕದ ಹುಡುಗ ‘ಸರ್, ನಾ ಇವನ ಬಾಜೂಕ ಕೂಡಂಗಿಲ್ರಿ’ ಎನ್ನುತ್ತಾನೆ. ಮದುವೆಗೆ ಕರೆದುಕೊಂಡು ಹೋಗುವುದಿಲ್ಲ. ಜಾತ್ರೆಗೆ ಒಯ್ಯುವುದಿಲ್ಲ. ನೆಂಟರು ಬಂದರೆ ಹಿಂದಿನ ಪಡಸಾಲೆ.

ಬಯಕೆಯ ಮಾತು ಬಿಡಿ

ಮೊದಲು ಆ ಬಯಕೆಯ ಮಾತನ್ನು ಒಂದು ಸಲ ಮುಗಿಸಿಬಿಡುವುದು ಒಳ್ಳೆಯದು. ಬಸುರಿಯ ಆಸೆಗೂ ಕೂಸಿನ ಜೊಲ್ಲಿಗೂ ಯಾವ ಸಂಬಂಧವೂ ಇಲ್ಲ. ಕರದಂಟು ತಿನ್ನಬೇಕೆಂದು ಆಸೆಪಟ್ಟು ತಿಂದವಳ ಕೂಸಿಗೂ ಇದು ಬರಬಹುದು, ತಿನ್ನದವಳ ಕೂಸಿಗೆ ಬಾರದೆಯೂ ಇರಬಹುದು. ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಎರಡನೆಯ ಮಾತು. ಈ ಮಕ್ಕಳಿಗೆ ಜೊಲ್ಲು ಹೆಚ್ಚು ಊರುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಬಹಳಷ್ಟು ಮಕ್ಕಳಲ್ಲಿ ಅದು ನಿಜವಲ್ಲ. ಮನುಷ್ಯರೆಲ್ಲರ ಬಾಯಲ್ಲೂ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಉಗುಳು ಊರುತ್ತದೆ. ಕಿವಿಯ ಮುಂದೆ ಒಂದು ಜೋಡಿ, ದವಡೆಯ ಕೆಳಗೆ ಒಂದು ಜೋಡಿ, ನಾಲಿಗೆಯ ಕೆಳಗೆ ಒಂದು ಜೋಡಿ, ಹೀಗೆ ಮೂರು ಜೋಡಿ ದೊಡ್ಡ ಗ್ರಂಥಿಗಳು. ಸುಮ್ಮನೆ ಕುಳಿತಾಗ ಹೆಚ್ಚು ಪಾಲು ಬರುವುದು ದವಡೆಯ ಕೆಳಗಿನ ಜೋಡಿಯಿಂದ. ಇಷ್ಟೆಲ್ಲ ಉಗುಳನ್ನು ನಾವು ದಿನಕ್ಕೆ ನೂರಾರು ಸಲ, ಗೊತ್ತೇ ಆಗದಂತೆ ನುಂಗುತ್ತೇವೆ. ತುಟಿ ಮುಚ್ಚಬೇಕು, ನಾಲಿಗೆ ಹಿಂದಕ್ಕೆ ತಳ್ಳಬೇಕು, ಗಂಟಲು ಸರಿಯಾದ ಗಳಿಗೆಯಲ್ಲಿ ತೆರೆಯಬೇಕು. ಮಿದುಳಿಗೆ ಪೆಟ್ಟು ಬಿದ್ದ ಕೂಸಿಗೆ ಈ ಸರಪಳಿ ಎಲ್ಲೋ ತುಂಡಾಗಿರುತ್ತದೆ.

ಈ ಭಾಗದ ರೈತರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಧುಪದಾಳದಿಂದ ಹೊರಟ ಎಡದಂಡೆ ಕಾಲುವೆಯಲ್ಲಿ ನೀರು ಎಂದಿನಷ್ಟೇ ಬಂದಿದೆ. ಆದರೆ ಮುಂದಿನ ಗೇಟು ಕಚ್ಚಿಕೊಂಡಿದೆ. ನೀರು ಏರಿ ದಂಡೆಯ ಮೇಲೆ ಹರಿಯಿತು. ತಪ್ಪು ನೀರಿನದೋ ಗೇಟಿನದೋ?

ಇದು ತಿಳಿದರೆ ಚಿಕಿತ್ಸೆಯ ದಾರಿಯೂ ತಿಳಿಯುತ್ತದೆ. ಗೇಟು ಸರಿಪಡಿಸುವುದು ಮೊದಲು. ನೀರು ಕಡಿಮೆ ಮಾಡುವುದು ಆಮೇಲೆ.

ವಯಸ್ಸಿನ ಲೆಕ್ಕವೂ ಇರಲಿ. ಹಲ್ಲು ಬರುವ ಕೂಸುಗಳೆಲ್ಲ ಜೊಲ್ಲು ಸುರಿಸುತ್ತವೆ. ಒಂದೂವರೆ-ಎರಡು ವರ್ಷದವರೆಗೆ ಅದು ಸಹಜ, ಯಾರೂ ಗಾಬರಿಯಾಗಬೇಕಿಲ್ಲ. ನಾಲ್ಕು ದಾಟಿದ ಮೇಲೂ ಎಚ್ಚರವಿದ್ದಾಗ ಅಂಗಿ ತೊಯ್ಯುತ್ತಿದ್ದರೆ ವೈದ್ಯರನ್ನು ಕೇಳಲೇಬೇಕು.

ಮೊದಲ ಮದ್ದು ಕುರ್ಚಿ

ಕೇಳಿದವರಿಗೆ ನಗೆ ಬಂದೀತು, ಆದರೆ ಬಲ್ಲ ವೈದ್ಯರು ಮೊದಲು ನೋಡುವುದು ಹುಡುಗ ಹೇಗೆ ಕೂಡುತ್ತಾನೆ ಎಂಬುದನ್ನು. ಕುತ್ತಿಗೆ ಮುಂದಕ್ಕೆ ಬಿದ್ದಿದ್ದರೆ ಜೊಲ್ಲು ನೆಲಕ್ಕೆ ಬೀಳದೆ ಎಲ್ಲಿಗೆ ಹೋದೀತು? ಬೆನ್ನು ನೆಟ್ಟಗೆ, ಸೊಂಟ ಕುರ್ಚಿಯ ಹಿಂಬದಿಗೆ ತಾಗಿ, ಪಾದಗಳು ನೇತಾಡದೆ ಹಲಗೆಯ ಮೇಲೆ ಊರಿ, ತಲೆ ಮಧ್ಯಕ್ಕೆ. ಎರಡೂ ಬದಿಗೆ ಒತ್ತು ಕೊಟ್ಟ ಕುರ್ಚಿಯನ್ನು ಊರ ಬಡಿಗೇರರೇ ಮಾಡಿಕೊಡಬಲ್ಲರು. ಅಳತೆ ಮಾತ್ರ ಫಿಸಿಯೋಥೆರಪಿಯವರು ಹೇಳಬೇಕು. ಆಟಿಕೆ, ಪಾಟಿ ತೀರ ತಗ್ಗಿನಲ್ಲಿಟ್ಟರೆ ಹುಡುಗ ಬಗ್ಗಿಯೇ ಇರುತ್ತಾನೆ. ಕಣ್ಣಿನ ಮಟ್ಟಕ್ಕೆ ಏರಿಸಿಡಬೇಕು.

ಮನೆಯಲ್ಲಿ ಅಂಗಾತ ಮಲಗಿಸಿ ಚಮಚೆಯಿಂದ ಗಂಜಿ ಸುರಿಯುವ ರೂಢಿ ಹಲವು ಕಡೆ ಇದೆ. ಅದು ಅಪಾಯ. ಗಂಜಿ ಶ್ವಾಸನಾಳಕ್ಕೆ ಹೋದೀತು.

ಎರಡನೆಯದಾಗಿ, ಜೊಲ್ಲಿಗೆ ಕುಮ್ಮಕ್ಕು ಕೊಡುವ ಬೇರೆ ಕಾರಣ ಇದೆಯೆ ನೋಡಬೇಕು. ಮೂಗು ಕಟ್ಟಿದ ಹುಡುಗ ಬಾಯಿಂದಲೇ ಉಸಿರಾಡುತ್ತಾನೆ, ಬಾಯಿ ಮುಚ್ಚುವುದೆಲ್ಲಿಂದ? ಟಾನ್ಸಿಲ್ ದಪ್ಪಗಾಗಿರಬಹುದು. ಹಲ್ಲು ಹುಳುಕಾಗಿರಬಹುದು. ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತಿರಬಹುದು. ಇನ್ನೂ ಒಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ಫಿಟ್ಸ್‌ಗೆ ಕೊಡುವ ಕ್ಲೊನಾಜೆಪಾಮ್‌ನಂಥ ಕೆಲವು ಗುಳಿಗೆಗಳೇ ಜೊಲ್ಲು ಹೆಚ್ಚಿಸುತ್ತವೆ. ಹಾಗೆಂದು ಈ ಸಾಲು ಓದಿ ಯಾರೂ ಮನೆಯಲ್ಲೇ ಆ ಗುಳಿಗೆ ನಿಲ್ಲಿಸಬಾರದು! ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರುಕಳಿಸಿ ಜೀವಕ್ಕೆ ಬರುತ್ತದೆ. ಬದಲಾಯಿಸುವುದಿದ್ದರೆ ಬರೆದುಕೊಟ್ಟ ವೈದ್ಯರೇ ಬದಲಾಯಿಸಬೇಕು.

ಮೂರನೆಯದು ಕಲಿಸುವುದು. ಇದನ್ನು ಕಲಿಸುವವರು ಸ್ಪೀಚ್ ಥೆರಪಿಯವರು. ಇವರು ಮಾತು ಕಲಿಸುವವರಷ್ಟೇ ಎಂದು ಜನ ತಿಳಿದಿದ್ದಾರೆ. ನುಂಗುವುದು, ಅಗಿಯುವುದು, ತುಟಿ ಮುಚ್ಚುವುದು ಇವೂ ಅವರ ವಿದ್ಯೆಯೇ. ಮೈಸೂರಿನಲ್ಲಿ 1966ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥವರನ್ನು ತಯಾರು ಮಾಡುತ್ತ ಬಂದಿದೆ. ಮಾತು ತಿಳಿಯುವ ಹುಡುಗನಾದರೆ ‘ತುಟಿ ಮುಚ್ಚು, ನುಂಗು, ಒರೆಸಿಕೋ’ ಎಂದು ಹೊತ್ತು ಹೊತ್ತಿಗೆ ನೆನಪು ಮಾಡಿ, ಮಾಡಿದಾಗ ಶಾಭಾಶ್ ಎಂದು ರೂಢಿ ಹಾಕುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಪೀಪಿ ಊದಿಸುವುದು, ಗುಳ್ಳೆ ಊದಿಸುವುದು ಎಲ್ಲ ಕಡೆ ಇದೆ. ಅದೊಂದರಿಂದಲೇ ಜೊಲ್ಲು ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲವಾದರೂ ಆಟಕ್ಕೆ ಅಡ್ಡಿಯಿಲ್ಲ.

ಒರೆಸುವುದರಲ್ಲೂ ಒಂದು ರೀತಿ ಇದೆ. ವಲ್ಲಿಯಿಂದ ಉಜ್ಜಿ ಉಜ್ಜಿ ಗದ್ದ ಕೆಂಪಾಗಿ ಹುಣ್ಣಾಗುತ್ತದೆ. ಉಜ್ಜದೆ ಮೆತ್ತಗೆ ಒತ್ತಿ ತೆಗೆಯಬೇಕು. ಗದ್ದಕ್ಕೆ ತೆಳ್ಳಗೆ ವ್ಯಾಸಲೀನ್ ಸವರಬೇಕು. ಎಂಟು-ಹತ್ತು ವರ್ಷದ ಹುಡುಗನಿಗೆ ಕೂಸಿನ ಬಿಬ್ ಕಟ್ಟಿದರೆ ಅವನಿಗೂ ನಾಚಿಕೆ ಇದೆಯಲ್ಲ? ಬಣ್ಣದ ಕರವಸ್ತ್ರವನ್ನು ಮೂಲೆಯಾಗಿ ಮಡಚಿ ಕಟ್ಟಿದರೆ ಫ್ಯಾಷನ್ನಿನಂತೆ ಕಾಣುತ್ತದೆ, ಕೆಲಸವೂ ಆಗುತ್ತದೆ. ಗೋಕಾಕದ ಬಟ್ಟೆ ಅಂಗಡಿಗಳಲ್ಲಿ ಅಂಥ ಕರವಸ್ತ್ರಕ್ಕೇನು ಬರವಿಲ್ಲ.

ಒಂದು ತಪ್ಪು ಮಾತ್ರ ಮಾಡಬಾರದು. ಜೊಲ್ಲು ಕಡಿಮೆಯಾಗಲೆಂದು ನೀರು ಕುಡಿಸುವುದನ್ನು ಬಿಡುವ ಮನೆಗಳಿವೆ. ಹೊರಗೆ ಸುರಿದು ಹೋಗುವುದೂ ನೀರೇ. ಅದನ್ನು ತುಂಬಿಕೊಡದಿದ್ದರೆ ಹುಡುಗ ಒಣಗುತ್ತಾನೆ, ಮಲಬದ್ಧತೆ ಹಿಡಿಯುತ್ತದೆ.

ಗುಳಿಗೆಯ ವಿಚಾರ

ಇಷ್ಟಾದ ಮೇಲೂ ಅಂಗಿ ತೊಯ್ಯುತ್ತಿದ್ದರೆ ಔಷಧದ ಸರದಿ. ಗ್ಲೈಕೊಪೈರೊಲೇಟ್ ಎಂಬುದೊಂದು ಔಷಧ. ಆಪರೇಷನ್ ಹೊತ್ತಿಗೆ ಬಾಯಿ ಒಣಗಿರಲಿ ಎಂದು ಅರಿವಳಿಕೆ ವೈದ್ಯರು ಕೊಡುವುದೂ ಇದನ್ನೇ. ನರದೋಷವುಳ್ಳ 3ರಿಂದ 16 ವರ್ಷದ ಮಕ್ಕಳ ಜೊಲ್ಲಿಗೆಂದೇ ಇದರ ಕುಡಿಯುವ ಔಷಧಕ್ಕೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಕಿವಿಯ ಹಿಂದೆ ಅಂಟಿಸುವ ಹಯೋಸಿನ್ ಪಟ್ಟಿ ಇನ್ನೊಂದು. ಬ್ರಿಟನ್ನಿನಲ್ಲಿ 90 ಮಕ್ಕಳನ್ನು ಸೇರಿಸಿಕೊಂಡು ಇವೆರಡನ್ನೂ ಹೋಲಿಸಿದ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಎರಡೂ ಕೆಲಸ ಮಾಡಿದವು, ಆದರೆ ಪಟ್ಟಿಗಿಂತ ಗ್ಲೈಕೊಪೈರೊಲೇಟಿನಿಂದ ತೊಂದರೆ ಕಡಿಮೆ ಎಂದು ಕಂಡುಬಂತು. ಕೈಕಾಲಿನ ಬಿಗಿತಕ್ಕೂ ಬಳಸುವ ಟ್ರೈಹೆಕ್ಸಿಫೆನಿಡಿಲ್ ಎಂಬ ಹಳೆಯ ಗುಳಿಗೆಯನ್ನೂ ಕೆಲವು ವೈದ್ಯರು ಬರೆಯುತ್ತಾರೆ.

ಔಷಧದ ಅಂಗಡಿಯವರು ಇಲ್ಲಿ ಗಮನಿಸಬೇಕು. ‘ಜೊಲ್ಲು ನಿಲ್ಲೂ ಗುಳಗಿ ಕೊಡ್ರಿ ಅಣ್ಣಾರ’ ಎಂದು ಕೇಳಿದವರಿಗೆ ಚೀಟಿ ಇಲ್ಲದೆ ಕೊಡುವ ಮಾಲಲ್ಲ ಇದು. ಬಾಯಿಯ ನೀರನ್ನು ಒಣಗಿಸುವ ಔಷಧ ಅಲ್ಲಿಗೇ ನಿಲ್ಲುವುದಿಲ್ಲ. ಮಲ ಕಟ್ಟುತ್ತದೆ, ಮೂತ್ರ ಕಟ್ಟಬಹುದು, ಮುಖ ಕೆಂಪಾಗುತ್ತದೆ, ಕಣ್ಣು ಮಂಜಾಗಬಹುದು, ಹುಡುಗ ಸಿಡಿಮಿಡಿಗೊಳ್ಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಬೆವರು ಕಡಿಮೆಯಾಗುತ್ತದೆ. ಏಪ್ರಿಲ್-ಮೇ ತಿಂಗಳ ಗೋಕಾಕದ ಬಿಸಿಲು ಗೊತ್ತಿದ್ದವರಿಗೆ ಇದರ ಅರ್ಥ ಹೇಳಬೇಕಿಲ್ಲ. ತಗಡಿನ ಮನೆಯಲ್ಲಿ ಮಲಗಿದ, ಬಾಯಿ ಬಿಟ್ಟು ‘ನೀರಡಕಿ ಆಗೇತಿ’ ಎನ್ನಲಾಗದ ಹುಡುಗನಿಗೆ ಬೆವರೂ ಬಾರದಿದ್ದರೆ ಮೈ ಕಾದು ಬೆಂಕಿಯಾಗುತ್ತದೆ. ಆದ್ದರಿಂದಲೇ ಸಣ್ಣ ಪ್ರಮಾಣದಿಂದ ಶುರು ಮಾಡಿ, ಹಂತ ಹಂತವಾಗಿ ಏರಿಸಿ, ನಡುವೆ ವೈದ್ಯರು ನೋಡುತ್ತಲೇ ಇರಬೇಕು.

ನಾಟಿ ಮದ್ದಿನ ಹೆಸರಿನಲ್ಲಿ ಮದಗುಣಿಕೆ, ದತ್ತೂರಿ ಬೀಜದ ಗೊಡವೆಗೆ ಮಾತ್ರ ಯಾರೂ ಹೋಗಬಾರದು. ಬಾಯಿ ಒಣಗುವುದು ನಿಜ, ಏಕೆಂದರೆ ಅದರಲ್ಲಿರುವುದು ಅಟ್ರೋಪಿನ್, ಹಯೋಸಿನ್‌ಗಳೇ. ಆದರೆ ಯಾವ ಬೀಜದಲ್ಲಿ ಎಷ್ಟಿದೆ ಎಂದು ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಅದು ವಿಷ.

ಗುಳಿಗೆ ಒಗ್ಗದವರಿಗೆ ಇಂಜೆಕ್ಷನ್ ಇದೆ, ಬೊಟುಲಿನಮ್ ಟಾಕ್ಸಿನ್. ಬೊಟಾಕ್ಸ್ ಎಂದರೆ ಸಿನಿಮಾ ನಟಿಯರ ಮುಖದ ಸುಕ್ಕು ತೆಗೆಯುವುದು ಎಂದಷ್ಟೇ ಪತ್ರಿಕೆ ಓದುವವರಿಗೆ ಗೊತ್ತು. ಇದರ ಕತೆ ಸ್ವಾರಸ್ಯವಾಗಿದೆ. ಸುಮಾರು 200 ವರ್ಷದ ಹಿಂದೆ ಜರ್ಮನಿಯ ಕಡೆ ಕೆಟ್ಟ ಮಾಂಸದ ಸಾಸೇಜ್ ತಿಂದು ಜನ ಸಾಯುತ್ತಿದ್ದರು. ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ ಅವರನ್ನು ಪರೀಕ್ಷಿಸಿದಾಗ ಬಾಯಿ ಒಣಗಿ ಹೋಗುವುದೂ ಒಂದು ಲಕ್ಷಣವೆಂದು ಬರೆದಿಟ್ಟ. ಅದೇ ವಿಷದ ಲವಲೇಶವನ್ನು ಇಂದು ಉಗುಳಿನ ಗ್ರಂಥಿಗೆ ಚುಚ್ಚುತ್ತಾರೆ. ಸ್ಕ್ಯಾನಿಂಗಿನಲ್ಲಿ ಗ್ರಂಥಿಯನ್ನು ನೋಡುತ್ತಲೇ ಚುಚ್ಚಬೇಕು. ಪಕ್ಕದ ಸ್ನಾಯುವಿಗೆ ಹರಡಿದರೆ ಇದ್ದ ಅಷ್ಟಿಷ್ಟು ನುಂಗುವ ಶಕ್ತಿಯೂ ಹೋದೀತು. ಗುಣ ಕಾಣುವುದು ಕೆಲವು ತಿಂಗಳು, ಆಮೇಲೆ ಮತ್ತೆ ಚುಚ್ಚಬೇಕು. ಅಗ್ಗದ ಬಾಬತ್ತೂ ಅಲ್ಲ.

ಕೊನೆಯದು ಆಪರೇಷನ್. ಉಗುಳಿನ ನಳಿಕೆಯ ದಾರಿಯನ್ನು ಹಿಂದಕ್ಕೆ ತಿರುಗಿಸುವುದು, ನಳಿಕೆ ಕಟ್ಟುವುದು, ಗ್ರಂಥಿಯನ್ನೇ ತೆಗೆಯುವುದು, ಹೀಗೆ ಹಲವು ಬಗೆ. ಐದಾರು ವರ್ಷದವರೆಗೆ ತಾನಾಗಿಯೇ ಸುಧಾರಿಸುವ ಸಾಧ್ಯತೆ ಇರುವುದರಿಂದ ಅಲ್ಲಿಯವರೆಗೆ ಸಾಮಾನ್ಯವಾಗಿ ಕಾಯುತ್ತಾರೆ.

ಎಲ್ಲರಿಗೂ ಹೊಂದುವ ಒಂದೇ ಚಿಕಿತ್ಸೆ ಎಂಬುದಿಲ್ಲ. ಪೂರ್ತಿ ಒಣಗಿಸುವುದು ಗುರಿಯೂ ಅಲ್ಲ. ಉಗುಳಿಲ್ಲದ ಬಾಯಲ್ಲಿ ಹಲ್ಲು ಉಳಿಯುವುದಿಲ್ಲ, ರೊಟ್ಟಿಯ ತುತ್ತು ಗಂಟಲಿಗೆ ಇಳಿಯುವುದಿಲ್ಲ. ದಿನಕ್ಕೆ ಹತ್ತು ವಲ್ಲಿ ಹೋಗುವಲ್ಲಿ ಮೂರಕ್ಕೆ ಬಂದರೆ ಹುಡುಗ ಸಾಲಿಯಲ್ಲಿ ಕೂಡಬಲ್ಲ. ಅಷ್ಟು ಸಾಕು.

ಕಾಣದ ಜೊಲ್ಲು

ಹೊರಗೆ ಸುರಿಯುವುದು ಕಣ್ಣಿಗೆ ಕಾಣುತ್ತದೆ. ಕೆಲವು ಮಕ್ಕಳಲ್ಲಿ ಅದು ಹಿಂದಕ್ಕೆ, ಗಂಟಲಿನಿಂದ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಗಿ ಒಣಗಿರುತ್ತದೆ, ಮನೆಯವರು ‘ನಮ್ಮ ಹುಡಗಗ ಜೊಲ್ಲಿನ ತ್ರಾಸ ಇಲ್ಲ’ ಎನ್ನುತ್ತಾರೆ. ಆದರೆ ಎದೆಯಲ್ಲಿ ಸದಾ ಗೊರಗೊರ. ಉಣ್ಣುವಾಗ ಕೆಮ್ಮು. ಮೇಲಿಂದ ಮೇಲೆ ನ್ಯುಮೋನಿಯಾ. ಇದು ಹೆಚ್ಚು ಅಪಾಯದ್ದು, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಬೇಕು.

ಹೋಗುವುದೆಲ್ಲಿಗೆ?

ಮಸಗುಪ್ಪಿ ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿಗೆ ಸೇರಿದೆ. ತಾಲೂಕು ಬದಲಾದರೂ ನರರೋಗದ ಮಕ್ಕಳಿಗೆ ಕೊನೆಗೆ ಬೆಳಗಾವಿಯೇ ದಾರಿ. ಅಲ್ಲಿ ಜಿಲ್ಲಾ ಆಸ್ಪತ್ರೆ ಸೇರಿದ ಬಿಮ್ಸ್ ಇದೆ, ಕೆಎಲ್‌ಇಯ ದೊಡ್ಡ ಆಸ್ಪತ್ರೆ ಇದೆ.

ಆದರೆ ಊರಿನಲ್ಲೇ ಮೊದಲ ಮೆಟ್ಟಿಲು ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಸಾಲಿಗೆ ಒಂದು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡಿ, ಬೆಳವಣಿಗೆಯಲ್ಲಿ ಹಿಂದುಳಿದವರನ್ನು ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸಬೇಕು. ತೊಡಕು ಇಲ್ಲೇ. ತಂಡ ಬಂದ ದಿನ ಜೊಲ್ಲು ಸುರಿಸುವ ಹುಡುಗ ಸಾಲಿಯಲ್ಲಿ ಇರುವುದೇ ಇಲ್ಲ. ಅವನು ಹಿಂದಿನ ಪಡಸಾಲೆಯಲ್ಲಿ ಇರುತ್ತಾನೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನನ್ನು ತಂಡ ಹುಡುಕುವುದೆಂತು? ತಂಡ ಬರುವ ದಿನವನ್ನು ಅಂಗನವಾಡಿ ಟೀಚರೋ ಆಶಾ ಕಾರ್ಯಕರ್ತೆಯೋ ಆ ಮನೆಗೆ ಮುಂಚಿತವಾಗಿ ಮುಟ್ಟಿಸಿದರೆ ಅರ್ಧ ಕೆಲಸ ಆದಂತೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?

ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಪಂಚಾಯತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂದು ವಿಕಲಚೇತನರ ಕೆಲಸಕ್ಕೆಂದೇ ಇದ್ದಾರೆ. ಯುಡಿಐಡಿ ಎಂಬ ಗುರುತಿನ ಚೀಟಿಗೆ ಅರ್ಜಿ ಹಾಕಿಸುವುದು ಅವರ ಕೆಲಸಗಳಲ್ಲೊಂದು. 1995ರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಆಗಿವೆ, ಸೆರೆಬ್ರಲ್ ಪಾಲ್ಸಿ ಅದರಲ್ಲಿದೆ. ಚೀಟಿ ಕೈಗೆ ಬಂದರೆ ಮನೆಯಿಂದ 100 ಕಿ.ಮೀ. ಸುತ್ತಳತೆಯಲ್ಲಿ ಓಡಾಡಲು ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ಮಾಡಿಸಬಹುದು. ಬೆಳಗಾವಿ ಅಷ್ಟರೊಳಗೇ ಬರುತ್ತದೆ. ಆ ಅರ್ಧ ಟಿಕೀಟಿನ ರಗಳೆ ಅಲ್ಲಿಗೆ ಮುಗಿಯಿತು. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯೂ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ 1 ಲಕ್ಷ ರೂ.ವರೆಗೆ, ಥೆರಪಿಯ ಖರ್ಚೂ ಸೇರಿ.

ಬೆಳಗಾವಿಗೆ ಹೋಗುವ ಮುಂಚೆ ಒಂದು ಕೆಲಸ ಮನೆಯಲ್ಲೇ ಮಾಡಿಕೊಂಡರೆ ದಿನ ಹಾಳಾಗುವುದಿಲ್ಲ. ಒ.ಪಿ.ಡಿ. ಸಾಲಿನಲ್ಲಿ ತಾಸುಗಟ್ಟಲೆ ನಿಂತು ಒಳಗೆ ಹೋದರೆ ವೈದ್ಯರು ಕೇಳುವುದು ‘ಎಷ್ಟು ಸುರಿತೈತಿ?’ ಎಂದು. ‘ಭಾಳ ಸುರಿತೈತ್ರಿ’ ಎಂದರೆ ಅವರು ಏನು ಬರೆದುಕೊಳ್ಳಬೇಕು? ಇದಕ್ಕೆ 1988ರಿಂದ ಬಳಕೆಯಲ್ಲಿರುವ ಒಂದು ಅಳತೆ ಇದೆ. ಬಾಯಿ ಒಣಗಿದ್ದರೆ ಒಂದು, ತುಟಿಯಷ್ಟೇ ತೊಯ್ದರೆ ಎರಡು, ಗದ್ದಕ್ಕೆ ಬಂದರೆ ಮೂರು, ಅಂಗಿ ತೊಯ್ದರೆ ನಾಲ್ಕು, ಕೈ, ಪಾಟಿ, ಆಟಿಕೆ ಎಲ್ಲ ತೊಯ್ದರೆ ಐದು. ಅಕ್ಷರ ಬಾರದ ಅಜ್ಜಿಯೂ ಇದನ್ನು ನೋಡಿ ಹೇಳಬಲ್ಲಳು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವಾರ ದಿನಕ್ಕೆ ಎಷ್ಟು ವಲ್ಲಿ ಬದಲಾಯಿಸಿದಿರೋ ಅಷ್ಟು ಗೀಟು ಎಳೆಯಿರಿ. ಉಂಡ ಮೇಲೆ ಹೆಚ್ಚೋ, ಆಟದಲ್ಲಿ ಹೆಚ್ಚೋ, ಮಲಗಿದಾಗ ಹೆಚ್ಚೋ ನೋಡಿಡಿ. ಹೊರಡುವಾಗ ಆ ಕ್ಯಾಲೆಂಡರಿನ ಹಾಳೆ, ಈಗ ಕೊಡುತ್ತಿರುವ ಗುಳಿಗೆಗಳ ಚೀಟಿ, ಹಳೆಯ ಫೈಲು ಮೂರನ್ನೂ ಕೈಚೀಲದಲ್ಲಿ ಹಾಕಿಕೊಳ್ಳಿ. ಹುಡುಗನಿಗೆ ಒಂದು ಬಾಟಲಿ ನೀರು, ನಾಲ್ಕು ಒಣ ವಲ್ಲಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳಿ ಪಡೆಯಿರಿ, ಅವನ ಬೆನ್ನು ನೆಟ್ಟಗೆ ನಿಲ್ಲಲು ಆ ಮೂಲೆಯ ಆಸರೆ ಬೇಕು.